ತಂದೆಗೆ ಡಿಮೆನ್ಷಿಯಾ ಇದೆ, ಜಿಪಿಎ ಒಂದು ಮಾಡಿಸಿಕೊಂಡರೆ ಸಾಕಾ?

ನಿಮ್ಮ ತಂದೆಯವರಿಗೆ ಡಿಮೆನ್ಷಿಯಾ ಶುರುವಾಗಿದೆ ಎಂದು ಡಾಕ್ಟರು ಈಚೆಗಷ್ಟೇ ಹೇಳಿದ್ದಾರೆ, ಒಂದು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅವರ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರಪತ್ರ) ಮಾಡಿಸಿಕೊಂಡರೆ ಬ್ಯಾಂಕು, ಸೈಟು, ಪಿಂಚಣಿ ಎಲ್ಲವನ್ನೂ ನೀವೇ ನೋಡಿಕೊಳ್ಳಬಹುದಾ ಎಂದು ಕೇಳಿದ್ದೀರಿ. ಸಾಲದು. ನಮ್ಮಮ್ಮನಿಗೂ ಇದೇ ಕಾಯಿಲೆ. ಹಾಸನದ ಕಡೆ ಪ್ರೈಮರಿ ಸ್ಕೂಲ್ ಮೇಡಂ ಆಗಿದ್ದವರು. ಅವರ ಕಾಗದಪತ್ರವೆಲ್ಲ ಈಗ ನನ್ನ ಕೈಯಲ್ಲಿದೆ, ಅದರ ಅನುಭವದಿಂದ ಹೇಳುತ್ತೇನೆ.

ಜಿಪಿಎ ಕೊಟ್ಟರೆ ನಿಮ್ಮ ತಂದೆ ನಿಮ್ಮನ್ನು ಏಜೆಂಟ್ ಮಾಡಿಕೊಂಡಂತೆ ಲೆಕ್ಕ. ಕೊಟ್ಟವರಿಗೆ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಅಲ್ಲಿಗೇ ಮುಗಿಯಿತು. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುವುದೇ ಇದನ್ನು. ಅಂದರೆ ನಿಮಗೆ ಅದು ನಿಜವಾಗಿ ಬೇಕಾಗುವ ಹೊತ್ತಿಗೇ ಅದಕ್ಕೆ ಬೆಲೆ ಇರುವುದಿಲ್ಲ. ಅಮೆರಿಕದಲ್ಲಿರುವ ನೆಂಟರು 'ಇಲ್ಲಿ ಆಮೇಲೂ ನಡೆಯುತ್ತೆ' ಎನ್ನಬಹುದು. ಅಲ್ಲಿ ಅಂಥದ್ದು ಉಂಟು, ನಮ್ಮಲ್ಲಿಲ್ಲ. 'ಯಾರು ಕೇಳ್ತಾರೆ ಬಿಡಿ ಸಾರ್' ಎನ್ನುವ ಪತ್ರ ಬರಹಗಾರರೂ ಸಿಗುತ್ತಾರೆ. ಆ ಮಾತು ನಂಬಿ ಸೈಟು ಮಾರಲು ಹೋಗಬೇಡಿ. ನಾಳೆ ಯಾರಾದರೂ ಕೇಸು ಹಾಕಿದರೆ ಆಸ್ಪತ್ರೆಯ ಫೈಲೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಹಾಗಂತ ಚೀಟಿಯಲ್ಲಿ ಡಿಮೆನ್ಷಿಯಾ ಎಂದು ಬರೆದ ತಕ್ಷಣ ಸಹಿ ಮಾಡುವ ಹಕ್ಕು ಹೋಗುವುದಿಲ್ಲ. ಯಾವುದಕ್ಕೆ ಸಹಿ ಹಾಕುತ್ತಿದ್ದೇನೆ, ಅದರಿಂದ ಏನಾಗುತ್ತದೆ ಎನ್ನುವುದು ಆ ಹೊತ್ತಿನಲ್ಲಿ ಅವರಿಗೆ ತಿಳಿದಿದ್ದರೆ ಸರಿ. ಆದ್ದರಿಂದ ಮಾಡುವುದನ್ನು ಈಗಲೇ ಮಾಡಿ. ಬೆಳಿಗ್ಗೆ ಮಾಡಿ, ಸಂಜೆಯಾದರೆ ಇವರಿಗೆ ಗೊಂದಲ ಜಾಸ್ತಿ.

ಮೊದಲು ವಿಲ್. ಇಬ್ಬರು ಸಾಕ್ಷಿಗಳು ಬೇಕು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಹಿಡಿಯಿರಿ. ರಿಜಿಸ್ಟರ್ ಮಾಡಿಸಲೇಬೇಕು ಎಂದಿಲ್ಲ, ಆದರೂ ಮಾಡಿಸಿ. ಓಡಾಡಲು ಆಗದಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬರುವ ಅವಕಾಶ ಕಾನೂನಿನಲ್ಲಿದೆ. ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್ ಜೊತೆಗಿರಲಿ. ದಾನಪತ್ರ ಬರೆಸಿಕೊಳ್ಳುವುದು ಮಾತ್ರ ನನಗೆ ಇಷ್ಟವಿಲ್ಲ. ತಾಯಿ ಇರುವಾಗ ಮನೆ ಮಕ್ಕಳ ಹೆಸರಿಗೆ ಯಾಕೆ? ಬರೆಸಲೇಬೇಕಾದರೆ 'ನೋಡಿಕೊಳ್ಳಬೇಕು' ಎನ್ನುವ ಷರತ್ತು ಅದರಲ್ಲೇ ಇರಲಿ. ಆಗ ಮಕ್ಕಳು ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಎಸಿ (ಅಸಿಸ್ಟೆಂಟ್ ಕಮಿಷನರ್) ಅವರ ಹತ್ತಿರ ಹೋಗಿ ರದ್ದು ಮಾಡಿಸಬಹುದು.

ಬ್ಯಾಂಕಿನಲ್ಲಿ ತಕರಾರು ಶುರುವಾಗುವುದು ಸಹಿಯಿಂದ. ಅಮ್ಮ ಚೆಕ್ಕಿಗೆ ಸಹಿ ಹಾಕಿ, ಕೆಳಗೊಂದು ಗೆರೆ ಎಳೆದು, ತಾರೀಖು ಬರೆಯುತ್ತಿದ್ದರು. ಹಾಜರಿ ಪುಸ್ತಕದ ಅಭ್ಯಾಸ. ಇಸವಿ ಮಾತ್ರ ಅವರು ಸರ್ವಿಸಿನಲ್ಲಿದ್ದ ಕಾಲದ್ದು! ಕೌಂಟರಿನವರು ಹಳೆಯ ಸಹಿ ಪಕ್ಕ ಇಟ್ಟು ನೋಡಿ ವಾಪಸ್ ಕೊಟ್ಟರು. ಸಹಿ ಹಾಕಲಾಗದ ವಯಸ್ಸಾದವರ ಹೆಬ್ಬೆಟ್ಟು ತೆಗೆದುಕೊಳ್ಳಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವರ ಹೆಬ್ಬೆಟ್ಟು ಒತ್ತಿಸುವಾಗ ಕರುಳು ಚುರ್ ಅಂದಿತು. ಮಾತ್ರೆಗೆ ದುಡ್ಡು ಬೇಕಲ್ಲ, ಒತ್ತಿಸಿದೆ. ಆದರೆ ಇದು ದುಡ್ಡು ತೆಗೆಯುತ್ತಿದ್ದೇನೆ ಎಂಬ ತಿಳಿವಳಿಕೆ ಇರುವವರೆಗೆ ಮಾತ್ರ.

ಆದ್ದರಿಂದ ಉಳಿತಾಯ ಖಾತೆಯನ್ನು ಈಗಲೇ ಜಂಟಿ ಮಾಡಿಸಿ, 'ಐದರ್ ಆರ್ ಸರ್ವೈವರ್' ಎಂದೇ ಬರೆಸಿ, ಅಂದರೆ ಇಬ್ಬರಲ್ಲಿ ಯಾರೊಬ್ಬರ ಸಹಿಯಿದ್ದರೂ ಸಾಕು. ನಾಮಿನಿ ಇದ್ದೇನಲ್ಲ ಎಂದು ಸುಮ್ಮನಿರಬೇಡಿ, ನಾಮಿನಿಯ ಕೆಲಸ ಶುರುವಾಗುವುದು ಅವರು ಹೋದ ಮೇಲೆ. ಎಫ್‌ಡಿ ಜಂಟಿಯಾಗಿದ್ದರೂ ಅವಧಿಗೆ ಮುಂಚೆ ಮುರಿಸಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಕೇಳುತ್ತಾರೆ. ದೊಡ್ಡದೊಂದರ ಬದಲು ಸಣ್ಣ ಸಣ್ಣ ಎಫ್‌ಡಿ ಇದ್ದರೆ ಬೇರೆ ಬೇರೆ ತಿಂಗಳಲ್ಲಿ ಕೈಗೆ ಬರುತ್ತವೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ನಿಮ್ಮ ಹತ್ತಿರ ಇರಲಿ. ಓಟಿಪಿ ಕೇಳುವವರಿಗೆ ಇಂಥವರು ಸಿಕ್ಕಿದರೆ ಹಬ್ಬ.

ಪಿಂಚಣಿಯದು ಅಷ್ಟು ಕಷ್ಟವಿಲ್ಲ. ನವೆಂಬರಿನ ಜೀವನ ಪ್ರಮಾಣಪತ್ರವನ್ನು ಫೋನಿನಲ್ಲೇ ಮುಖ ತೋರಿಸಿ ಮಾಡಬಹುದು. ಅದು ಕಣ್ಣು ಮಿಟುಕಿಸಲು ಹೇಳುತ್ತದೆ. ನಮ್ಮಮ್ಮ ಮಿಟುಕಿಸದೆ ಫೋನಿಗೆ 'ಕೂತ್ಕೊ' ಅಂದರು. ಅಂಥ ದಿನ ಪೋಸ್ಟ್‌ಮ್ಯಾನ್ ಕರೆಸಿ, ಮನೆಗೇ ಬಂದು ಮಾಡಿಕೊಡುತ್ತಾರೆ.

ಅಣ್ಣತಮ್ಮಂದಿರು ಇದ್ದರೆ ಪ್ರತಿ ತಿಂಗಳೂ ಪಾಸ್‌ಬುಕ್ಕಿನ ಫೋಟೊ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡಿ. ಯಾರೂ ಕೇಳುವ ಮುಂಚೆ ಹಾಕಿ.

ಇನ್ನು ತಿಳಿವಳಿಕೆ ಪೂರ್ತಿ ಹೋದ ಮೇಲೆ ಏನಾದರೂ ಮಾರಬೇಕು, ದೊಡ್ಡ ಮೊತ್ತ ತೆಗೆಯಬೇಕು ಅಂದರೆ ಕೋರ್ಟೇ ಗತಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಗಾರ್ಡಿಯನ್ ನೇಮಕ ಇದೆ, ಆದರೆ ಅದರ ಪಟ್ಟಿಯಲ್ಲಿ ಡಿಮೆನ್ಷಿಯಾ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಗೆ ಪ್ರತಿನಿಧಿ ನೇಮಿಸಲು ಬಿಡುತ್ತದೆ, ಆಸ್ತಿಗಲ್ಲ. ಹಾಗಾಗಿ ಇಂಥವರ ಮನೆಯವರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ತಮ್ಮನ್ನು ಗಾರ್ಡಿಯನ್ ಮಾಡಿ ಎಂದು ಕೇಳಿಕೊಳ್ಳುತ್ತಾರೆ. ವೈದ್ಯರ ವರದಿ, ಆಸ್ತಿ ಪಟ್ಟಿ, ಉಳಿದ ಮಕ್ಕಳ ಒಪ್ಪಿಗೆ ಸಿದ್ಧ ಇಟ್ಟುಕೊಳ್ಳಿ. ಅರ್ಜಿಯನ್ನು ನಿಮ್ಮ ತಾಯಿಯ ಹೆಸರಲ್ಲಿ ಹಾಕುವುದಾದರೆ ವಕೀಲರ ಫೀಸಿನ ಚಿಂತೆಯೂ ಇಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ ವಿಚಾರಿಸಿ.