ಮೂಲನಿವಾಸಿಗಳಿಗಾಗಿ ವಸತಿ ಸಂಸ್ಥೆ ಏನು ಮಾಡಬಹುದು?

ಕೆನಡಾದ ವ್ಯಾಂಕೂವರ್‌ನಲ್ಲಿ ಸರ್ಕಾರಿ ವಸತಿ ಸಂಸ್ಥೆಗೆ ಸೇರಿದ್ದೀರಿ. ಸಭೆಯ ಶುರುವಿನಲ್ಲಿ 'ಇದು ಮೂಲನಿವಾಸಿಗಳ ನೆಲ' ಅಂತ ಓದಿದರೆ ಸಾಕಾ ಎಂದು ಕೇಳಿದ್ದೀರಿ. ಖಂಡಿತ ಸಾಲದು.

ನಿಮ್ಮೂರಿನ ಸೆನಾಕ್ವ್ ಜಾಗವನ್ನೇ ನೋಡಿ, ಬರ್ರಾರ್ಡ್ ಸೇತುವೆಯ ಬುಡದಲ್ಲಿದೆ. 1913ರಲ್ಲಿ ಅಲ್ಲಿದ್ದ ಸ್ಕ್ವಾಮಿಶ್ ಎಂಬ ಮೂಲನಿವಾಸಿ ಜನರನ್ನು ದೋಣಿ ಹತ್ತಿಸಿ ಕಳಿಸಿದರು, ಮನೆಗಳಿಗೆ ಬೆಂಕಿ ಇಟ್ಟರು. ಎಷ್ಟೋ ವರ್ಷ ಕೋರ್ಟಿಗೆ ಅಲೆದು ಅವರು ವಾಪಸ್ ಪಡೆದದ್ದು ಸುಮಾರು ಹತ್ತೂವರೆ ಎಕರೆ ಅಷ್ಟೇ. ಈಗ ಅದೇ ನೆಲದಲ್ಲಿ ಸುಮಾರು 6,000 ಮನೆ ಏಳುತ್ತಿವೆ. 2022ರಲ್ಲಿ ಕೆನಡಾದ ವಸತಿ ನಿಗಮ 1.4 ಬಿಲಿಯನ್ ಡಾಲರ್ ಸಾಲಕ್ಕೆ ಒಪ್ಪಿತು. ನನಗೆ ಮುಖ್ಯ ಅನಿಸೋದು ಇದು: ದುಡ್ಡು ಸರ್ಕಾರದ ಕಡೆಯಿಂದ ಬಂತು, ಏನು ಕಟ್ಟಬೇಕು ಅನ್ನೋ ತೀರ್ಮಾನ ಸ್ಕ್ವಾಮಿಶ್ ಜನರದ್ದು.

ಮೂಲನಿವಾಸಿಗಳಿಗೆಂದೇ ಬಿಟ್ಟ ಮೀಸಲು ಪ್ರದೇಶದೊಳಗಿನ ಮನೆಗಳಿಗೆ 2018ರಲ್ಲಿ ಮೊದಲು ಹಣ ಇಟ್ಟ ಪ್ರಾಂತ್ಯವೂ ನಿಮ್ಮದೇ, ಬ್ರಿಟಿಷ್ ಕೊಲಂಬಿಯಾ.

ಬಾಡಿಗೆ ಕರಾರನ್ನೂ ಒಮ್ಮೆ ತೆಗೆದು ಓದಿ. ಸೇಜ್ ಎಂಬ ಪರಿಮಳದ ಗಿಡದ ಎಲೆ ಸುಟ್ಟು ಹೊಗೆ ಹಾಕೋದು ಮೂಲನಿವಾಸಿಗಳಲ್ಲಿ ಅನೇಕರಿಗೆ ಪ್ರಾರ್ಥನೆ. ಅದನ್ನು ಸಿಗರೇಟಿನ ಹೊಗೆ ಜೊತೆ ಸೇರಿಸಿ ನೋಟಿಸ್ ಕೊಟ್ಟರೆ ಹೇಗೆ? ಹಳ್ಳಿಯಿಂದ ಅಜ್ಜಿ ಬಂದು ತಿಂಗಳುಗಟ್ಟಲೆ ಉಳಿದರೆ 'ಜಾಸ್ತಿ ಜನ' ಅನ್ನಬಹುದಾ? ಇಂಥ ಸಾಲುಗಳನ್ನು ಬಾಡಿಗೆದಾರರ ಜೊತೆ ಕೂತು ತಿದ್ದಿ. ನಿಮ್ಮ ಕೈಯಲ್ಲಿ ಈಗಲೇ ಆಗುವ ಕೆಲಸ ಇದು.