ಮಂಚದ ಕೆಳಗಿನ ಹನ್ನೊಂದು ಎಣ್ಣೆ ಡಬ್ಬಗಳು

ಈ ಪ್ರಕರಣ 2022ರ ಮಾರ್ಚ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ, ಆಪ್ತಸಮಾಲೋಚಕಿಯಾದ ನನ್ನ ಬಳಿ ನಡೆದದ್ದು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಆ ಹಿರಿಯರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ.

ರಾಯರಿಗೆ ಆಗ 72 ವರ್ಷ. ಉಡುಪಿಯ ಕಡೆಯವರು, ಪತ್ನಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಗ, ಸೊಸೆ ಮತ್ತು ಮೊಮ್ಮಗಳ ಜೊತೆ ಇದ್ದರು. ಅವರನ್ನು ಕರೆತಂದದ್ದು ಸೊಸೆ. ‘ಮಾವ ರಾತ್ರಿ ಮಲಗುವುದಿಲ್ಲ, ಟಿ.ವಿ. ಆರಿಸಲು ಬಿಡುವುದಿಲ್ಲ, ಮಂಚದ ಕೆಳಗೆ ಸೂರ್ಯಕಾಂತಿ ಎಣ್ಣೆಯ ಹನ್ನೊಂದು ದೊಡ್ಡ ಡಬ್ಬ ತಂದಿಟ್ಟಿದ್ದಾರೆ’ ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳಿದರು. ಇದಲ್ಲದೆ ರಾಯರು ಅವಧಿ ಮುಗಿಯದ ಎರಡು ಠೇವಣಿಗಳನ್ನು ಮುರಿದು ಆ ಹಣಕ್ಕೆ ಚಿನ್ನ ಕೊಂಡಿದ್ದರು. ಉಳಿದ ಮೂರನ್ನೂ ಮುರಿಯುತ್ತೇನೆಂದು ಹೇಳಿದಾಗ ಮನೆಯಲ್ಲಿ ಜಗಳವಾಗಿತ್ತು. ಮುಪ್ಪಿನಲ್ಲಿ ಬರುವ ಮರೆವಿನ ಕಾಯಿಲೆಯ ಆರಂಭವಿರಬಹುದೆಂಬುದು ಮಗನ ಅನುಮಾನ.

ಆ ಅನುಮಾನ ನನಗೆ ಮೊದಲ ಭೇಟಿಯಲ್ಲೇ ದೂರವಾಯಿತು. ರಾಯರು ತಮ್ಮ ಜೊತೆ ಒಂದು ನೂರು ಹಾಳೆಯ ಪುಸ್ತಕ ತಂದಿದ್ದರು. ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿದ ದಿನದಿಂದ ಕಚ್ಚಾ ತೈಲ, ಎಣ್ಣೆ, ಗೋಧಿ, ಚಿನ್ನ ಹಾಗೂ ಡಾಲರಿನ ದರವನ್ನು ಅಡ್ಡಗೆರೆ ಎಳೆದ ಕಾಲಂಗಳಲ್ಲಿ, ಸ್ಟೋರ್ ಗುಮಾಸ್ತರ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ಒಂದು ಅಂಕಿಯೂ ತಪ್ಪಿರಲಿಲ್ಲ. ಮಾರ್ಚ್ ಆರಂಭದಲ್ಲಿ ತೈಲ ಒಂದು ಪೀಪಾಯಿಗೆ 139 ಡಾಲರ್ ಮುಟ್ಟಿದ ದಿನಕ್ಕೆ ಕೆಂಪು ಶಾಯಿಯ ಗುರುತಿತ್ತು. ಮಾರ್ಚ್ 1ರ ಸಾಲಿನಲ್ಲಿ ಮಾತ್ರ ದರಗಳೇ ಇರಲಿಲ್ಲ. ‘ಹಾವೇರಿಯ ಹುಡುಗ’ ಎಂದು ಬರೆದಿತ್ತು. ಹಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಆಹಾರ ತರಲು ಹೊರಗೆ ಹೋಗಿದ್ದಾಗ ಶೆಲ್ ದಾಳಿಗೆ ಬಲಿಯಾದ ದಿನ ಅದು. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ ರಾಯರು, ‘ನಾನೂ ರೊಟ್ಟಿಯ ಕ್ಯೂನಲ್ಲಿ ನಿಂತವನೇ ಮೇಡಂ’ ಎಂದರು.

ಅವರು 1990ರಲ್ಲಿ ಕುವೈತ್ ನಗರದ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಪತ್ನಿ ಮತ್ತು ಆರು ವರ್ಷದ ಮಗ ಜೊತೆಗಿದ್ದರು. ಆಗಸ್ಟ್ 2, ಗುರುವಾರ, ಬೆಳಗಾಗುವ ಮೊದಲೇ ಇರಾಕಿನ ಟ್ಯಾಂಕುಗಳು ಗಡಿ ದಾಟಿದ್ದವು. ಅಂದೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 660ನೇ ನಿರ್ಣಯದಲ್ಲಿ ಇರಾಕ್ ಹಿಂದೆ ಸರಿಯಬೇಕೆಂದು ಹೇಳಿತು. ನಾಲ್ಕು ದಿನಗಳಲ್ಲಿ, 661ನೇ ನಿರ್ಣಯದ ಮೂಲಕ, ಇರಾಕ್ ಹಾಗೂ ಆಕ್ರಮಿತ ಕುವೈತಿನ ಜೊತೆಗಿನ ವ್ಯಾಪಾರವೆಲ್ಲ ನಿಂತುಹೋಯಿತು. ಜಗತ್ತು ಇಷ್ಟು ಬೇಗ ಒಂದಾದದ್ದು ಸರಿಯೇ ಆಗಿತ್ತು ಎಂದು ರಾಯರು ಇಂದಿಗೂ ಹೇಳುತ್ತಾರೆ. ಆದರೆ ಆ ದಿಗ್ಬಂಧನ ಒಳಗೆ ಸಿಕ್ಕಿಬಿದ್ದವರ ಪಾಲಿಗೆ ಹೇಗಿತ್ತೆಂಬುದನ್ನು ಅವರು 32 ವರ್ಷಗಳಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅಂಗಡಿಗಳು ಬರಿದಾದವು. ಆಹಾರಕ್ಕೆ ಮಾನವೀಯ ವಿನಾಯಿತಿ ಪಡೆಯಲು ಭಾರತ ವಿಶ್ವಸಂಸ್ಥೆಯ ನಿರ್ಬಂಧ ಸಮಿತಿಯ ಮುಂದೆ ವಾದಿಸಬೇಕಾಯಿತು. ಹಾಗೆ ಅನುಮತಿ ಸಿಕ್ಕಿ ‘ವಿಶ್ವಸಿದ್ಧಿ’ ಹಡಗು ಅಕ್ಕಿ, ಬೇಳೆ ಹೊತ್ತು ಹೊರಡುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು.

ಹಸಿವಿಗಿಂತ ಆಳವಾಗಿ ಅವರಲ್ಲಿ ಉಳಿದದ್ದು ಹಣದ ಸಾವು. ಆಕ್ರಮಣಕ್ಕೆ ಮೊದಲು ಒಂದು ಕುವೈತ್ ದಿನಾರ್ ಸುಮಾರು 60 ರೂಪಾಯಿಗೆ ಸಮ. ಇರಾಕ್ ಸರ್ಕಾರ ತನ್ನ ದಿನಾರನ್ನು ಕುವೈತಿನ ದಿನಾರಿಗೆ ಸರಿಸಮವೆಂದು ಘೋಷಿಸಿ, ಕೆಲವೇ ವಾರಗಳಲ್ಲಿ ಕುವೈತ್ ದಿನಾರನ್ನು ಚಲಾವಣೆಯಿಂದಲೇ ತೆಗೆದುಹಾಕಿತು. ಬ್ಯಾಂಕಿನಲ್ಲಿದ್ದ ಹನ್ನೊಂದು ವರ್ಷದ ಉಳಿತಾಯ ಕೈಗೆ ಸಿಗಲಿಲ್ಲ. ಕೈಯಲ್ಲಿದ್ದ ನೋಟುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ, ಜೋರ್ಡನ್ ಗಡಿಯ ರುವೈಶಿದ್ ಬಳಿಯ ಡೇರೆಗಳಲ್ಲಿ ಬಿಸಿಲು, ಮರಳಿನಲ್ಲಿ ದಿನ ಕಳೆದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದರು. 1.1 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದ ಆ 488 ಹಾರಾಟಗಳಲ್ಲಿ ಒಂದರಲ್ಲಿ ಈ ಮೂವರಿದ್ದರು. ಬೊಂಬಾಯಿಯಲ್ಲಿ ನೋಟು ಬದಲಿಸುವವನೊಬ್ಬ ದಿನಾರುಗಳನ್ನು ಎಣಿಸದೆಯೇ ಗಾಜಿನ ಕೆಳಗಿನಿಂದ ಮರಳಿ ತಳ್ಳಿದ. ಅದನ್ನು ಹೇಳುವಾಗ ರಾಯರ ಬಲಗೈ ಮೇಜಿನ ಮೇಲೆ ಅದೇ ರೀತಿ ಒಮ್ಮೆ ಮುಂದಕ್ಕೆ ಸರಿಯಿತು.

ಊರಿಗೆ ಬಂದರೆ ಇಲ್ಲೂ ಪರಿಸ್ಥಿತಿ ಕೆಟ್ಟಿತ್ತು. ತೈಲದ ಬೆಲೆ ಏರಿ, ಕೊಲ್ಲಿಯಿಂದ ಬರುವ ಹಣ ತಗ್ಗಿ, ಮೊದಲೇ ಬಳಲಿದ್ದ ದೇಶದ ಬೊಕ್ಕಸದಲ್ಲಿ 1991ರ ಮಧ್ಯಕ್ಕೆ ಕೆಲವೇ ವಾರಗಳ ಆಮದಿಗಾಗುವಷ್ಟು ವಿದೇಶಿ ವಿನಿಮಯ ಉಳಿದಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಟ್ಟಿತು. ರೂಪಾಯಿಯ ಮೌಲ್ಯ ಇಳಿಸಲಾಯಿತು. ಹಣ ಕಾಗದವಾಗುತ್ತದೆ, ದೇಶ ಕೂಡ ಕೊನೆಗೆ ಚಿನ್ನಕ್ಕೇ ಕೈ ಹಾಕುತ್ತದೆ ಎಂಬ ಪಾಠವನ್ನು ರಾಯರು ಕಲಿತದ್ದು ಕಣ್ಣಾರೆ ಕಂಡು. ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಬಿಲಿಯನ್ ಡಾಲರ್ ಮೀಸಲನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದವು, ರೂಬಲ್ ಕುಸಿಯಿತು, ಬಡ್ಡಿದರ ಒಮ್ಮೆಗೇ ಶೇ. 20ಕ್ಕೆ ಏರಿತು, ಎಟಿಎಂ ಮುಂದೆ ಜನ ಸಾಲುಗಟ್ಟಿದರು ಎಂಬ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಅವರ ದೇಹ 1990ಕ್ಕೆ ಹಿಂದಿರುಗಿದ್ದು ಸಹಜವೇ.

‘ಏನೂ ಆಗುವುದಿಲ್ಲ, ಧೈರ್ಯವಾಗಿರಿ’ ಎಂದು ಮನೆಯವರು ಅವರಿಗೆ ನೂರು ಸಲ ಹೇಳಿದ್ದರು. ಅದು ನಿಜವಲ್ಲವಾದ್ದರಿಂದ ನಾನು ಹೇಳಲಿಲ್ಲ. ಭಾರತ ಆಮದು ಮಾಡಿಕೊಳ್ಳುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನ್ ಮತ್ತು ರಷ್ಯಾಗಳಿಂದಲೇ ಬರುತ್ತಿತ್ತು; ಅದರ ಬೆಲೆ ಏರುತ್ತದೆ ಎಂದು ಒಪ್ಪಿಕೊಂಡೆ. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು, ಮೇ ತಿಂಗಳಲ್ಲಿ ಭಾರತವೇ ಗೋಧಿಯ ರಫ್ತು ನಿಷೇಧಿಸಿತು. ನಾನು ಸುಳ್ಳು ಸಮಾಧಾನ ಹೇಳಿದ್ದರೆ ಅಂದಿಗೆ ಅವರು ನನ್ನ ಬಳಿ ಬರುವುದನ್ನು ಬಿಟ್ಟಿರುತ್ತಿದ್ದರು. ನಾವು ಮಾಡಿದ್ದು ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆದದ್ದು. ದರದ ಎದುರಿಗೆ ‘ಇದು ನಮ್ಮ ಮನೆಗೆ ಹೇಗೆ ತಟ್ಟುತ್ತದೆ’ ಎಂದು ಬರೆಯಬೇಕು. ಕುವೈತಿನಲ್ಲಿ ಅವರು ಆಕ್ರಮಿತ ನೆಲದ ಮೇಲಿದ್ದರು. ನೋಟು ಅಚ್ಚು ಹಾಕುವ ಸರ್ಕಾರವೇ ದೇಶ ಬಿಟ್ಟು ಹೋಗಿತ್ತು. ಈಗ ಅವರಿರುವುದು ಯುದ್ಧ ಬೆಲೆಯ ರೂಪದಲ್ಲಿ ಮಾತ್ರ ಬರುವ ಊರಿನಲ್ಲಿ. ಈ ವ್ಯತ್ಯಾಸವನ್ನು ನನ್ನ ಬಾಯಿಂದ ಕೇಳುವುದಕ್ಕಿಂತ ತಮ್ಮದೇ ಅಕ್ಷರದಲ್ಲಿ ನೋಡುವುದು ಅವರಿಗೆ ಹೆಚ್ಚು ಹಿಡಿಸಿತು. ಎಣ್ಣೆಯ ಸಾಲಿಗೆ ಬಂದಾಗ, ‘ನಿಮ್ಮ ತಾಯಿಯವರು ಯಾವ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಿದ್ದರು ರಾಯರೇ?’ ಎಂದು ಕೇಳಿದೆ. ಮನೆಯ ಹಿತ್ತಲಿನಲ್ಲಿ ಒಂಬತ್ತು ತೆಂಗಿನಮರಗಳಿದ್ದವು. ಅವರು ಮೊದಲ ಬಾರಿಗೆ ನಕ್ಕರು.

ಹಣದ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸವಲ್ಲ. ಹಾಗಾಗಿ ಉಳಿದ ಠೇವಣಿಗಳನ್ನು ಮುರಿಯುವ ಮೊದಲು ತಮಗೆ ವಿಶ್ವಾಸವಿರುವ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಯ ಜೊತೆ, ಮಗನನ್ನೂ ಕೂರಿಸಿಕೊಂಡು, ಮಾತನಾಡಬೇಕೆಂದು ಹೇಳಿದೆ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರ 5 ಲಕ್ಷ ರೂಪಾಯಿವರೆಗಿನ ಹಣಕ್ಕೆ ವಿಮೆ ಇದೆ ಎಂಬುದು ಅವರಿಗೆ ಅಲ್ಲಿ ತಿಳಿಯಿತು. ಮೇ 4ರಂದು ರಿಸರ್ವ್ ಬ್ಯಾಂಕ್ ರೆಪೊ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಏರಿಸಿದಾಗ ಮಗನ ಗೃಹಸಾಲಕ್ಕೆ ಅದು ಹೊರೆಯಾಯಿತು. ರಾಯರ ಠೇವಣಿಗೆ ಮುಂದೆ ಹೆಚ್ಚು ಬಡ್ಡಿ ಸಿಗುವಂತಾಯಿತು. ಎರಡನ್ನೂ ಅವರು ಪುಸ್ತಕದಲ್ಲಿ ಅಕ್ಕಪಕ್ಕ ಬರೆದರು. ನಿದ್ರೆಗಾಗಿ ಮನೋವೈದ್ಯರ ಬಳಿಗೆ ಕಳುಹಿಸಿದೆ. ಕೆಲವು ವಾರಗಳ ಔಷಧಿಯಿಂದ ಉಪಕಾರವಾಯಿತು. ಸುದ್ದಿಗೆ ಬೆಳಗಿನ ಪತ್ರಿಕೆ ಮತ್ತು ಸಂಜೆಯ ಅರ್ಧ ಗಂಟೆ ಸಾಕು ಎಂಬ ಸಲಹೆಗೆ ಮಾತ್ರ ಅವರು ಸುಲಭವಾಗಿ ಒಪ್ಪಲಿಲ್ಲ.

ಅವರನ್ನು ಹೆಚ್ಚು ಕಾಡಿದ್ದ ಪ್ರಶ್ನೆ ಬೇರೆ. ಅಂದು ಜಗತ್ತು ಒಟ್ಟಾಗಿ ಎದ್ದು ನಿಂತಿತು, ಇಂದು ಏಕೆ ಇಲ್ಲ? ಫೆಬ್ರವರಿ 25ರಂದು ಭದ್ರತಾ ಮಂಡಳಿಯ ಖಂಡನೆಯನ್ನು ರಷ್ಯಾ ತನ್ನ ವೀಟೊ ಬಳಸಿ ತಡೆದಿತ್ತು. ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶಗಳು ಆಕ್ರಮಣವನ್ನು ವಿರೋಧಿಸುವ ನಿರ್ಣಯದ ಪರ ನಿಂತವು, 5 ದೇಶಗಳು ಆ ನಿರ್ಣಯದ ವಿರುದ್ಧ ಮತ ಹಾಕಿದವು, ಭಾರತವೂ ಸೇರಿ 35 ದೇಶಗಳು ತಟಸ್ಥವಾಗಿ ಉಳಿದವು. ರಾಯರ ಮಟ್ಟಿಗೆ ಇದು ಸ್ವಂತದ ನೋವು. ಕುವೈತ್ ಯುದ್ಧದ ನಷ್ಟಕ್ಕೆ ಇರಾಕಿನ ತೈಲದ ಹಣದಿಂದ ಪರಿಹಾರ ಕೊಡಲು ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಒಂದು ಆಯೋಗ ಸ್ಥಾಪಿಸಿತ್ತು. ಊರು ಬಿಟ್ಟು ಓಡಿದವರಿಗೆ ನಿಗದಿತ ಮೊತ್ತ: ಕುಟುಂಬಕ್ಕೆ 5,000 ಡಾಲರ್, ಬೇರೆ ಬಗೆಯ ಬೇಡಿಕೆಗಳನ್ನು ಬಿಟ್ಟುಕೊಟ್ಟರೆ 8,000. ರಾಯರು ದಾಖಲೆಗಳಿಲ್ಲವೆಂದು ಹೆದರಿ ಎರಡನೆಯದಕ್ಕೆ ಸಹಿ ಹಾಕಿದರು. ಉಳಿತಾಯವನ್ನು ಕೇಳುವ ಹಕ್ಕನ್ನು ತಾನೇ ಬಿಟ್ಟುಕೊಟ್ಟೆನೆಂಬ ಅಪರಾಧಭಾವ, ಪತ್ನಿಗೂ ಹೇಳದ ಮಾತು, ನಾಲ್ಕನೆಯ ಭೇಟಿಯಲ್ಲಿ ಹೊರಬಂತು.

ಅಂದು ನಾನು ಅವರಿಗೆ ಒಂದು ವಿಷಯ ತಿಳಿಸಿದೆ. ಆ ಆಯೋಗ ಒಟ್ಟು 52.4 ಬಿಲಿಯನ್ ಡಾಲರ್ ಹಂಚಿ, ಕೊನೆಯ ಕಂತನ್ನು 2022ರ ಜನವರಿಯಲ್ಲಿ ಕೊಟ್ಟಿತ್ತು. ಫೆಬ್ರವರಿ 22ರಂದು ಭದ್ರತಾ ಮಂಡಳಿ ಅದರ ಕೆಲಸ ಮುಗಿಯಿತೆಂದು ನಿರ್ಣಯಿಸಿತು. ಎರಡು ದಿನಗಳ ಬಳಿಕ ಉಕ್ರೇನಿನ ಮೇಲೆ ದಾಳಿಯಾಯಿತು. ರಾಯರು ದಿನಾಂಕಗಳನ್ನು ಎರಡು ಬಾರಿ ಕೇಳಿ ಬರೆದುಕೊಂಡರು. ‘ಮೂವತ್ತೊಂದು ವರ್ಷ ಹಿಡಿಯಿತು, ಆದರೆ ಕೊಟ್ಟರು’ ಎಂದರು. ಮುಂದಿನ ಭೇಟಿಗೆ ಮಗನನ್ನು ಕರೆತರಲು ನಾನು ಹೇಳಿದೆ. ಸಹಿಯ ವಿಷಯವನ್ನು ಅವರು ಮಗನ ಎದುರಿಗೆ ಹೇಳಿದಾಗ, ಆತ ಬಹಳ ಹೊತ್ತು ಮಾತನಾಡದೆ, ಮರಳಿನಲ್ಲಿ ನೀರಿಗಾಗಿ ನಿಂತ ಸಾಲು ತನಗೂ ನೆನಪಿದೆ ಎಂದರು. ಅವರಿಬ್ಬರೂ ಅದನ್ನು ಮೊದಲು ಎಂದೂ ಮಾತನಾಡಿರಲಿಲ್ಲ.

ಆಗಸ್ಟಿನಲ್ಲಿ ಒಂಬತ್ತು ಡಬ್ಬಗಳು ಊರಿನ ದೇವಸ್ಥಾನದ ಅನ್ನಸಂತರ್ಪಣೆಗೆ ಹೋದವು. ಎರಡನ್ನು ರಾಯರು ಇಟ್ಟುಕೊಂಡರು, ನಾನು ಆಕ್ಷೇಪಿಸಲಿಲ್ಲ. ಠೇವಣಿಗಳು ಹಾಗೆಯೇ ಇವೆ. ಬಿಸ್ಕತ್ತಿನ ಡಬ್ಬಿಯಲ್ಲಿ ದಿನಾರುಗಳೂ ಇವೆ. ಸೆಪ್ಟೆಂಬರಿನಲ್ಲಿ ಬಂದಾಗ ಪುಸ್ತಕ ಮುಗಿದು ಹೊಸದು ಶುರುವಾಗಿತ್ತು. ದರಗಳನ್ನು ಈಗ ವಾರಕ್ಕೊಮ್ಮೆ ಬರೆಯುತ್ತಾರೆ, ಕಾಲಂಗಳನ್ನು ಎಳೆಯುವುದು ಮೊಮ್ಮಗಳು.