ತೆರೆಯ ಹಿಂದೆ ಹತ್ತು ನಿಮಿಷ

ಪ್ರಶ್ನೆ: ಮೇಡಂ, ನಂಗೀಗ 19. ಹನ್ನೊಂದನೇ ವಯಸ್ಸಿಂದ ಕ್ಲಾರಿನೆಟ್ ನುಡಿಸ್ತಿದ್ದೀನಿ. ಸಿಂಫನಿ ಆರ್ಕೆಸ್ಟ್ರಾದಲ್ಲಿ ಕೂತು ನುಡಿಸೋದೇ ನನ್ನ ಕೆಲಸ ಆಗ್ಬೇಕು ಅಂತ ಆಸೆ. ದಿನಕ್ಕೆ ಐದು ಗಂಟೆ ಪ್ರಾಕ್ಟೀಸ್ ಮಾಡ್ತೀನಿ, ಮೊಜಾರ್ಟ್ ಕಾನ್ಸರ್ಟೊ ಪೂರ್ತಿ ಬಾಯಿಪಾಠ. ಆದ್ರೂ ಎರಡು ಆಡಿಷನ್‌ನಲ್ಲಿ ಮೊದಲ ರೌಂಡಲ್ಲೇ ವಾಪಸ್ ಕಳಿಸಿದ್ರು. ಎಲ್ಲಿ ತಪ್ತಿದ್ದೀನಿ?

ಉತ್ತರ: ತಮ್ಮಾ, ಮೊದಲು ಆ ಎರಡು ಆಡಿಷನ್ ವಿಷಯ ಮನಸ್ಸಿಂದ ತೆಗೆದುಹಾಕು. ಒಂದು ಆರ್ಕೆಸ್ಟ್ರಾದಲ್ಲಿ ಕ್ಲಾರಿನೆಟ್‌ಗೆ ಇರೋದೇ ಮೂರೋ ನಾಲ್ಕೋ ಕುರ್ಚಿ, ಕೂತೋರು ಇಪ್ಪತ್ತು ಮೂವತ್ತು ವರ್ಷ ಏಳಲ್ಲ, ಹಾಗಾಗಿ ಒಂದು ಕುರ್ಚಿ ಖಾಲಿ ಆದ್ರೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಇವತ್ತು ಒಳಗೆ ಕೂತಿರೋರಲ್ಲಿ ಎಷ್ಟೋ ಜನ ನಾಲ್ಕೈದು ಸಲ ಹೊರಗೆ ಬಂದವರೇ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಕಾನ್ಸರ್ಟೊ ಪೂರ್ತಿ ಬಾಯಿಪಾಠ ಅಂದ್ಯಲ್ಲ, ಅಂದ್ರೆ ಆರ್ಕೆಸ್ಟ್ರಾ ಜೊತೆ ಒಂದು ವಾದ್ಯ ಮುಂದೆ ನಿಂತು ನುಡಿಸೋ ಕೃತಿ, ಅದು 1791ರಲ್ಲಿ ಮೊಜಾರ್ಟ್ ತನ್ನ ಸ್ನೇಹಿತ ಆಂಟನ್ ಸ್ಟಾಡ್ಲರ್‌ಗೋಸ್ಕರ ಬರೆದದ್ದು, ಕ್ಲಾರಿನೆಟ್‌ನೋರಿಗೆ ಅದಕ್ಕಿಂತ ದೊಡ್ಡ ಸಂಪತ್ತಿಲ್ಲ, ಆದ್ರೆ ಆಡಿಷನ್‌ನಲ್ಲಿ ಅದರ ಮೊದಲ ಪುಟ ಒಂದೆರಡು ನಿಮಿಷ ಕೇಳಿ ಸಾಕು ಅಂತಾರೆ. ಮಿಕ್ಕಿದ್ದೆಲ್ಲ ಎಕ್ಸರ್ಪ್ಟ್‌ಗಳು, ಅಂದ್ರೆ ಆರ್ಕೆಸ್ಟ್ರಾ ಕೃತಿಗಳಿಂದ ಕಿತ್ತು ತೆಗೆದ ತುಣುಕುಗಳು. ಬೀಥೋವನ್ ಆರನೇ ಸಿಂಫನಿ, ಮೆಂಡೆಲ್ಸನ್‌ನ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ನ ಸ್ಕೆರ್ಟ್ಸೊ ಅನ್ನೋ ಚುರುಕಾದ ಭಾಗ, ರಾಖ್ಮನಿನಾಫ್ ಎರಡನೇ ಸಿಂಫನಿಯ ಮೂರನೇ ಭಾಗದ ಆ ಉದ್ದದ ಸೋಲೋ, ಇವು ಮತ್ತೆ ಮತ್ತೆ ಬರ್ತವೆ. ನೀನು ತೆರೆಯ ಈ ಕಡೆ ಒಬ್ಬನೇ ನಿಂತು ನುಡಿಸ್ತಿರ್ತೀಯ, ಆ ಕಡೆ ಕೂತ ತೀರ್ಪುಗಾರರಿಗೆ ನಿನ್ನ ಮುಖ ಕಾಣಲ್ಲ, ಹೆಸರು ಗೊತ್ತಿರಲ್ಲ. ಆದ್ರೆ ಅವರ ತಲೆಯಲ್ಲಿ ಪೂರ್ತಿ ಆರ್ಕೆಸ್ಟ್ರಾ ಓಡ್ತಿರುತ್ತೆ. ರಾಖ್ಮನಿನಾಫ್ ಸೋಲೋದಲ್ಲಿ ಭಾವ ತುಂಬಿ ಬಂತು ಅಂತ ನೀನು ಒಂದು ಸ್ವರ ಸ್ವಲ್ಪ ಹೆಚ್ಚು ಎಳೆದ್ರೆ, ಅವರ ಕಿವಿಯೊಳಗೆ ಹರೀತಿರೋ ವಯೊಲಿನ್‌ಗಳು ಅಲ್ಲೇ ಎಡವುತ್ತವೆ. ಮೊದಲ ರೌಂಡಲ್ಲಿ ಮನೆಗೆ ಹೋಗೋರಲ್ಲಿ ಜಾಸ್ತಿ ಜನ ಹೋಗೋದು ಲಯದಿಂದ, ಆಮೇಲೆ ಶ್ರುತಿಯಿಂದ. ವೇಗ ಸಾಲ್ದೆ ಹೋದೋರನ್ನ ನಾನು ಅಷ್ಟಾಗಿ ನೋಡಿಲ್ಲ.

ಅದಕ್ಕೆ ನಿನ್ನ ಐದು ಗಂಟೇಲಿ ಒಂದು ಗಂಟೆ ಕ್ಲಾರಿನೆಟ್ ಪೆಟ್ಟಿಗೆಯಲ್ಲೇ ಇರಲಿ. ಸ್ಕೋರ್, ಅಂದ್ರೆ ಎಲ್ಲಾ ವಾದ್ಯಗಳ ಸ್ವರ ಒಟ್ಟಿಗೆ ಬರೆದಿರೋ ಪುಸ್ತಕ, ತೆರೆದಿಟ್ಟುಕೊಂಡು ಕೇಳು, ನಿನ್ನ ಸಾಲಿನ ಕೆಳಗೆ ಚೆಲ್ಲೋ ಏನು ಮಾಡ್ತಿದೆ, ಬಸೂನ್ ಎಲ್ಲಿ ಸೇರಿಕೊಳ್ಳುತ್ತೆ ಅಂತ ಹಾಡಿ ತೋರಿಸೋ ಮಟ್ಟಕ್ಕೆ ಗೊತ್ತಿರ್ಬೇಕು. ಆಮೇಲೆ ನುಡಿಸಿ ರೆಕಾರ್ಡ್ ಮಾಡು, ಅವತ್ತೇ ಕೇಳ್ಬೇಡ, ಮಾರನೇ ದಿನ ಲಯ ತಟ್ಟೋ ಮೆಟ್ರೊನೋಮ್ ಇಟ್ಟು ಕೇಳು. ನೋವಾಗುತ್ತೆ, ಆದ್ರೂ ಕೇಳು. ಸ್ಕೆರ್ಟ್ಸೊದಲ್ಲಿ ಸ್ವರ ಬಿಡಿಸಿ ನುಡಿಸೋ ನಾಲಿಗೆ ಹಗುರ ಆಗ್ಬೇಕು, ಅಷ್ಟು ಮೆಲ್ಲಗೆ ಅಷ್ಟು ಬೇಗ ನುಡಿಸುವಾಗ ಉಸಿರು ನಿಂತ್ರೆ ನಾಲಿಗೆ ದಪ್ಪ ಆಗುತ್ತೆ, ತಪ್ಪು ಯಾವಾಗ್ಲೂ ಉಸಿರಿಂದ ಶುರು ಆಗೋದು.

ಶ್ರುತಿ ಬಗ್ಗೆ ಇನ್ನೊಂದು ಮಾತು. ನಾನು ಹಲವು ವರ್ಷ ಎರಡನೇ ಕುರ್ಚಿಯಲ್ಲಿ ಕೂತವಳು, ಅಲ್ಲಿ ಕಲಿತದ್ದು ಇದು. ಕ್ಲಾರಿನೆಟ್ ಜೋರಾಗಿ ಊದಿದ್ರೆ ಶ್ರುತಿ ಇಳಿಯುತ್ತೆ, ಮೆಲ್ಲಗೆ ಊದಿದ್ರೆ ಏರುತ್ತೆ, ಪಕ್ಕದ ಫ್ಲೂಟ್‌ದು ಸರಿಯಾಗಿ ಇದಕ್ಕೆ ಉಲ್ಟಾ. ಇಬ್ಬರೂ ಒಂದೇ ಸ್ವರ ಹಿಡಿದು ಮೆಲ್ಲಗೆ ಆಗ್ತಾ ಹೋಗುವಾಗ ಏನಾಗುತ್ತೆ ಯೋಚಿಸು! ಮನೇಲಿ ಟ್ಯೂನರ್ ಮುಂದೆ ಕೂತ್ರೆ ಇದು ಅರ್ಧ ಅಷ್ಟೇ ಬರುತ್ತೆ, ಯಾರ ಜೊತೆಗಾದ್ರೂ ನುಡಿಸು, ವಿಂಡ್ ಕ್ವಿಂಟೆಟ್, ಅಂದ್ರೆ ಊದೋ ವಾದ್ಯದ ಐದು ಜನರ ತಂಡ, ಸಿಕ್ಕಿದ್ರೆ ಬಿಡ್ಲೇಬೇಡ. ನಲವತ್ತು ಬಾರ್ (ತಾಳದ ಆವರ್ತ) ಸುಮ್ನೆ ಕೂತು ಆಮೇಲೆ ಮೆಲ್ಲಗೆ ಶುರು ಮಾಡ್ಬೇಕಾದಾಗ ವಾದ್ಯ ತಣ್ಣಗಾಗಿ ಶ್ರುತಿ ಇಳಿದಿರುತ್ತೆ, ಮೊದಲೇ ಸದ್ದಿಲ್ದೆ ಬೆಚ್ಚಗಿನ ಉಸಿರು ಊದಿಟ್ಕೊಳ್ಳೋದು ನನ್ನ ಪಕ್ಕದವರನ್ನ ನೋಡಿ ಕಲಿತೆ.

ಆಡಿಷನ್ ಗೆದ್ದ ಮೇಲೂ ಪ್ರೊಬೇಷನ್ ಇರುತ್ತೆ. ಅಲ್ಲಿ ಸಹೋದ್ಯೋಗಿಗಳ ಮಾತು ತುಂಬಾ ನಡೆಯುತ್ತೆ. ಬರ್ಲಿನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾಗೆ ಕ್ಲಾರಿನೆಟ್ ವಾದಕಿ ಸಬೀನ್ ಮೈಯರ್ ಬರ್ಲಿ ಅಂತ ಅದರ ಮುಖ್ಯ ಕಂಡಕ್ಟರ್ ಕರಾಯನ್ ಸ್ವತಃ ಪಟ್ಟು ಹಿಡಿದಿದ್ರು, ಆದ್ರೂ ವಾದಕರು 73ಕ್ಕೆ 4 ಮತದಿಂದ ಬೇಡ ಅಂದ್ರು, 1984ರಲ್ಲಿ ಆಕೆ ಹೊರಟು ಹೋದ್ರು. ಆಮೇಲೆ ಜಗತ್ತೇ ಕೇಳೋ ಸೋಲೋಯಿಸ್ಟ್ ಆದ್ರು. ಆ ಮತ ನ್ಯಾಯವಾದದ್ದು ಅಂತ ನಂಗೆ ಇವತ್ತಿಗೂ ಅನಿಸಲ್ಲ, ಆದ್ರೆ ಕುರ್ಚಿ ಹೇಗೆ ಸಿಗುತ್ತೆ ಹೇಗೆ ಕೈತಪ್ಪುತ್ತೆ ಅನ್ನೋದು ನಿಂಗೆ ಮೊದಲೇ ಗೊತ್ತಿರ್ಲಿ.

ಬಾಸ್ ಕ್ಲಾರಿನೆಟ್ಟೂ ಚಿಕ್ಕ ಇ ಫ್ಲ್ಯಾಟ್ ಕ್ಲಾರಿನೆಟ್ಟೂ ಈಗಲೇ ಅಭ್ಯಾಸ ಮಾಡ್ಕೋ. ಯಾರಿಗೋ ಹುಷಾರಿಲ್ಲ ಅಂದಾಗ ಒಂದು ವಾರಕ್ಕೆ ಕರೆಯೋದು ಅವನ್ನ ನುಡಿಸೋಕೆ ಬರೋರನ್ನೇ, ಹಾಗೆ ಬದಲಿಗೆ ಹೋಗ್ತಾ ಹೋಗ್ತಾ ಪರಿಚಯ ಬೆಳೆಯುತ್ತೆ. ಜೊತೆಗೆ ಪಾಠ ಹೇಳಿಕೊಡು, ಹೊಟ್ಟೆಪಾಡಿಗೂ ಆಯ್ತು, ನಿನ್ನ ತಪ್ಪು ನಿಂಗೇ ಕಾಣೋಕೂ ಆಯ್ತು. ಬಲಗೈ ಹೆಬ್ಬೆರಳು ನೋಯ್ತಿದ್ರೆ ಮಾತ್ರ ತಡ್ಕೊಂಡು ನುಡಿಸ್ಬೇಡ, ವಾದ್ಯದ ಭಾರ ಪೂರ್ತಿ ಅದರ ಮೇಲೇ ಇರೋದು, ಕುತ್ತಿಗೆಗೆ ಸ್ಟ್ರ್ಯಾಪ್ ಹಾಕ್ಕೋ.

ಪ್ರಶ್ನೆ: ಮಗಳು ಬಿ ಫ್ಲ್ಯಾಟ್ ಕ್ಲಾರಿನೆಟ್ ನುಡಿಸ್ತಾಳೆ. ಈಗ ಎ ಕ್ಲಾರಿನೆಟ್ಟೂ ಬೇಕು ಅಂತಿದ್ದಾಳೆ. ನಿಜವಾಗ್ಲೂ ಬೇಕಾ, ಆಸೆ ಅಷ್ಟೇನಾ?

ಉತ್ತರ: ಎ ಕ್ಲಾರಿನೆಟ್ ಅಂದ್ರೆ ಬಿ ಫ್ಲ್ಯಾಟ್‌ಗಿಂತ ಅರ್ಧ ಸ್ವರ ಕೆಳಗಿನ ಶ್ರುತಿಯ ವಾದ್ಯ. ಆರ್ಕೆಸ್ಟ್ರಾಗೆ ಹೋಗೋದೇ ಗುರಿ ಆದ್ರೆ ಬೇಕೇ ಬೇಕು. ಮೊಜಾರ್ಟ್ ಕಾನ್ಸರ್ಟೊ, ಮೇಲೆ ಹೇಳಿದ ರಾಖ್ಮನಿನಾಫ್ ಸೋಲೋ ಎರಡೂ ಎ ಕ್ಲಾರಿನೆಟ್‌ಗೇ ಬರೆದದ್ದು. ಮೌತ್‌ಪೀಸ್ ಎರಡಕ್ಕೂ ಒಂದೇ ಸಾಕು, ಕಚೇರಿ ನಡುವೆಯೇ ಅದನ್ನ ಕಿತ್ತು ಇನ್ನೊಂದಕ್ಕೆ ಹಾಕ್ಕೊಳ್ತಾರೆ. ಹೊಸ ಮರದ ವಾದ್ಯ ತಂದ ಮೊದಲ ಕೆಲವು ವಾರ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಊದೋಕೆ ಬಿಡ್ಬೇಡಿ, ಪ್ರತಿ ಸಲ ಒಳಗೆ ಬಟ್ಟೆ ಎಳೆದು ತೇವ ಒರೆಸ್ಲಿ, ಇಲ್ದಿದ್ರೆ ಮರ ಬಿರುಕು ಬಿಡುತ್ತೆ.